ಖಾಲಿ ಫೋಲ್ಡರಿನ ಹೆಸರು ಶ್ರೀ

ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ದೀಕ್ಷಾ ಮೊನ್ನೆ ಫೋನ್ ಮಾಡಿದ್ದಳು. ನಾನು ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದೆ.

"ಆಂಟಿ, ದೇವರ ಮೂಲೇಲಿ ಇಟ್ಟಿರೋ ಹಳೇ ಕಂಪ್ಯೂಟರ್‌ನಲ್ಲಿ ಶ್ರೀ ಅಂತ ಒಂದು ಫೋಲ್ಡರ್ ಇದೆ. ಒಳಗೆ ಏನೂ ಇಲ್ಲ. ಡಿಲೀಟ್ ಮಾಡ್ಬಿಡ್ಲಾ?"

"ಮುಟ್ಟಬೇಡ ಕಣಮ್ಮ."

"ಓ, ಪೂಜೆದಾ ಅದು?"

"ಪೂಜೆದೂ ಹೌದು, ಕೆಲಸದ್ದೂ ಹೌದು."

"ಓಕೆ ಆಂಟಿ," ಎಂದಳು. ಆ ಓಕೆಯ ಒಳಗೆ 'ಪಾಪ, ವಯಸ್ಸಾಯಿತು' ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೊಣಕಾಲು ಹೋಗಿದ್ದರೂ ಕಿವಿ ಇನ್ನೂ ಗಟ್ಟಿಯಾಗಿದೆ, ದೇವರು ದೊಡ್ಡವನು. ಫೋನಿನಲ್ಲಿ ಹೇಳಿದರೆ ಒಗ್ಗರಣೆ ಸೀಯುತ್ತಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಇವಳಿಗೂ, ಇವಳ ಹಾಗೆ 'ಬರೀ ಒಂದು ಬಟನ್ ಒತ್ತೋ ಕೆಲಸ' ಎಂದು ನಂಬಿಕೊಂಡು ಈ ಕೆಲಸಕ್ಕೆ ಬರುವ ಇತರರಿಗೂ ಉಪಯೋಗವಾಗಲಿ.

ನನಗೂ ಹಾಗೆಯೇ ಹೇಳಿದ್ದರು. ಮೈಸೂರಿನ ಚಾಮರಾಜಪುರಂನ ಒಂದು ಹಳೆಯ ಮನೆಯ ಮುಂಭಾಗದಲ್ಲಿ ನಮ್ಮ ಟ್ರಸ್ಟು. ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮನ್ನು ನಾವು ಮಾಡುತ್ತಿದ್ದೆವು. ಟ್ರಸ್ಟಿನ ಮುಖ್ಯಸ್ಥರು ನರಸಿಂಹಯ್ಯನವರು. ಅವರ ತಾತ ಅರಮನೆಯಲ್ಲಿ ಕೆಲಸದಲ್ಲಿದ್ದರಂತೆ. ತಾತ ಬಿಟ್ಟುಹೋದ ಗತ್ತು ಮೊಮ್ಮಗನಲ್ಲಿ ಹಾಗೇ ಇತ್ತು. ನಾನು ಹಳೆಯ ಬಿ.ಎಸ್ಸಿ. ಮಕ್ಕಳು ಶಾಲೆಗೆ ಹೋದ ಮೇಲೆ ಅರ್ಧ ದಿನ ಪದಗಳನ್ನು ಟೈಪು ಮಾಡಿಕೊಡಲು ಹೋದವಳು. ಪ್ರೋಗ್ರಾಮು ಬರೆದಿದ್ದ ಇಂಜಿನಿಯರು ಬೇರೆ ಕೆಲಸ ಹುಡುಕಿಕೊಂಡು ಹೋದಾಗ ಸರ್ ನನ್ನನ್ನು ಕರೆದರು.

"ವಿಶಾಲಮ್ಮ, ಎಲ್ಲಾ ಬರೆದಿಟ್ಟು ಹೋಗಿದಾರೆ. ನೀವು ಕಂಪೈಲ್ ಮಾಡಿದ್ರೆ ಆಯ್ತು. ಒಂದು ಬಟನ್ ಅಷ್ಟೇ."

ಆ ಬಟನ್ನು ಎಲ್ಲಿದೆಯೆಂದು ನಾನು ನಿವೃತ್ತಿಯಾಗುವವರೆಗೂ ಹುಡುಕಿದೆ.

ವಿಷಯ ಇಷ್ಟು. ನಮ್ಮ ಪ್ರೋಗ್ರಾಮು ಪೈಥಾನ್ ಭಾಷೆಯಲ್ಲಿತ್ತು. ಆದರೆ ದನಿ ಹುಟ್ಟಿಸುವ ಭಾಗವನ್ನು ಪೈಥಾನಿನಲ್ಲಿ ಬರೆದರೆ ಅದು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಹಾಗಾಗಿ ಅದನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ಅರಗುವ ಹಾಗೆ ಬೇಯಿಸಿ, ಪೈಥಾನಿಗೆ ಜೋಡಿಸಬೇಕು. ಈ ಜೋಡಿಸುವ ತುಂಡಿಗೇ ಎಕ್ಸ್‌ಟೆನ್ಷನ್ ಮಾಡ್ಯೂಲ್ ಎನ್ನುತ್ತಾರೆ. ವಿಂಡೋಸ್ ಅಲ್ಲದ ಕಡೆ ಕಂಪೈಲರು ಕಂಪ್ಯೂಟರಿನ ಜೊತೆಗೇ ಬರುತ್ತದಂತೆ. ವಿಂಡೋಸಿನಲ್ಲಿ ಮನೆ ಕೊಡುತ್ತಾರೆ, ಒಲೆಯನ್ನು ನಾವೇ ತರಬೇಕು. ದುಡ್ಡು ಕೊಟ್ಟು ತರುವ ಒಲೆ ಒಂದು, ಪುಕ್ಕಟೆ ಒಲೆ ಇನ್ನೊಂದು. ಮುಖ್ಯ ಅತಿಥಿಗಳಿಗೆ ರೇಷ್ಮೆ ಶಾಲು ಹೊದಿಸುವಾಗ ಎಂದೂ ಹಿಂದೆಮುಂದೆ ನೋಡದ ನಮ್ಮ ಸರ್, ಕಂಪೈಲರಿನ ಮಾತು ಬಂದ ಕೂಡಲೇ ವೈರಾಗ್ಯ ತಾಳಿದರು.

"ಪುಕ್ಕಟೆ ಇರೋವಾಗ ಕೊಂಡ್ಕೋಬೇಕಾ ಅಮ್ಮ? ಸೇವಾ ಸಂಸ್ಥೆ ನಮ್ಮದು."

ಪೈಥಾನಿಗೆ ಈ ಸೇವಾಭಾವ ಗೊತ್ತಿರಲಿಲ್ಲ. ಯಾವಾಗ ಕಂಪೈಲ್ ಮಾಡಲು ಹೋದರೂ 'ದುಡ್ಡಿನ ಕಂಪೈಲರ್ ಎಲ್ಲಿ?' ಎಂದೇ ಕೇಳುತ್ತಿತ್ತು. 'ಅದಿಲ್ಲ ಕಣಪ್ಪ, ಇರುವುದರಲ್ಲೇ ಮಾಡು' ಎಂದು ಒಂದು ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಒಂದು ಸಾಲು ಬರೆಯಬೇಕು. ಬರೆದೆ. ಮತ್ತೆ ಅದೇ ಪ್ರಶ್ನೆ. ಮತ್ತೆ ಬರೆದೆ. ವಾರವಿಡೀ ಇದೇ ಆಯಿತು. ಕೊನೆಗೆ ನೋಡಿದರೆ, ನೋಟ್‌ಪ್ಯಾಡು ನನ್ನ ಫೈಲಿನ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಎಂದು ತನ್ನದೇ ಒಂದು ಬಾಲ ಅಂಟಿಸುತ್ತಿತ್ತು, ಬಾಲವಿದ್ದ ಫೈಲನ್ನು ಪೈಥಾನು ಗುರುತಿಸುತ್ತಿರಲಿಲ್ಲ. ವಿಂಡೋಸು ಆ ಬಾಲ ನನಗೆ ಕಾಣದ ಹಾಗೆ ಮರೆಮಾಡುತ್ತಿತ್ತು. ಇಬ್ಬರೂ ಸೇರಿ ನನಗೆ ಉಪಕಾರ ಮಾಡುತ್ತಿದ್ದರು. ದೀಕ್ಷಾ, ಮೊದಲ ದಿನವೇ ಫೈಲುಗಳ ಬಾಲ ಕಾಣುವ ಹಾಗೆ ಮಾಡಿಕೋ. ಆ ವಾರ ನಮ್ಮ ಮನೆಯವರು ಉಪ್ಪಿಲ್ಲದ ಸಾರನ್ನು ತುಟಿಪಿಟಕ್ ಅನ್ನದೆ ಉಂಡರು, ಅದೂ ಒಂದು ದೇವರ ದಯೆಯೇ.

ಅಂತೂ ಮಾಡ್ಯೂಲು ಸಿದ್ಧವಾಯಿತು. ನನ್ನ ಕಂಪ್ಯೂಟರಿನಲ್ಲಿ ಗಣಗಣ ಓದಿತು. ಸರ್ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಪ್ರೋಗ್ರಾಮನ್ನು ಪುಟ್ಟಸ್ವಾಮಿಗೆ ಕಳಿಸಿದೆವು.

ಪುಟ್ಟಸ್ವಾಮಿ ಬನ್ನೂರು ಕಡೆಯವನು. ಮನೆಯವರು ಬೇಸಾಯಗಾರರು. ಇವನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದು ಮುಗಿಸಿ ಕೆಲಸ ಹುಡುಕುತ್ತಿದ್ದ. ನಾವು ಏನೇ ಮಾಡಿದರೂ ಮೊದಲು ಬಳಸಿ, ಮೊದಲು ಬೈಯುವವನು ಅವನೇ. ಮಾರನೆಯ ದಿನವೇ ಫೋನು ಬಂತು.

"ಅಮ್ಮಾರೆ, ನಿಮ್ ಪ್ರೋಗ್ರಾಮು ಬಾಯೇ ಬುಡ್ತಾ ಇಲ್ಲ."

"ಸ್ಕ್ರೀನ್ ಮೇಲೆ ಏನು ಬರೆದಿದೆ ಓದು ಪುಟ್ಟಸ್ವಾಮಿ."

ಅವನು ನಿಧಾನವಾಗಿ, ತುಂಬ ಮರ್ಯಾದೆಯಿಂದ ಹೇಳಿದ: "ಅದ ಓದಕ್ಕೇ ಅಲ್ವರಾ ಅಮ್ಮಾರೆ, ನಿಮ್ ಪ್ರೋಗ್ರಾಮು ಬೇಕಾಗಿರದು?"

ನಾನೇ ಹಾಸ್ಟೆಲಿಗೆ ಹೋಗಿ ನೋಡಿದೆ. 'ಮಾಡ್ಯೂಲ್ ಸಿಗಲಿಲ್ಲ' ಎಂದು ಬರೆದಿತ್ತು. ಮಾಡ್ಯೂಲು ಕಣ್ಣೆದುರಿಗೇ ಕೂತಿತ್ತು! ಈ ದೂರನ್ನು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನ ಮಾತಿನ ನಿಜವಾದ ಅರ್ಥ ಬೇರೆ. ಪುಕ್ಕಟೆ ಕಂಪೈಲರಿನಲ್ಲಿ ಹುಟ್ಟಿದ ಮಾಡ್ಯೂಲಿಗೆ ಆ ಕಂಪೈಲರಿನ ಒಂದೆರಡು ಜೊತೆ ಫೈಲುಗಳು ಬೇಕು. ನನ್ನ ಕಂಪ್ಯೂಟರಿನಲ್ಲಿ ಕಂಪೈಲರ್ ಇದ್ದುದರಿಂದ ಅವೂ ಇದ್ದವು. ಹಾಸ್ಟೆಲಿನಲ್ಲಿ ಇರಲಿಲ್ಲ. ಹೆಂಡತಿಯನ್ನು ತವರಿನಲ್ಲೇ ಬಿಟ್ಟು ಬಂದ ಗಂಡ ಮದುವೆ ಮನೆಯ ಬಾಗಿಲಲ್ಲಿ ನಿಂತಿದ್ದರೆ, 'ಗಂಡ ಬಂದಿಲ್ಲ' ಎಂದು ಹೇಳುವ ಹಾಗೆ ಇತ್ತು ಆ ದೂರು. ಜೊತೆಯವರನ್ನು ಮಾಡ್ಯೂಲಿನ ಹೊಟ್ಟೆಯೊಳಗೇ ಸೇರಿಸಿಬಿಡು ಎಂದು ಕಂಪೈಲರಿಗೆ ಹೇಳಬಹುದು. ಅದನ್ನು ಕಲಿತೆ.

ಇನ್ನೊಂದನ್ನೂ ಕಲಿತೆ. 'ನನ್ನಲ್ಲಿ ಓಡುತ್ತೆ' ಎನ್ನುವ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಕಂಪೈಲರಿನ ಗಂಧವೂ ಇಲ್ಲದ ಬಡ ಕಂಪ್ಯೂಟರಿನಲ್ಲಿ ಓಡಬೇಕು. ಅಂಥದ್ದು ನಮ್ಮಲ್ಲಿ ಒಂದೇ ಇತ್ತು. ದೇವರ ಮೂಲೆಯಲ್ಲಿ ಬೆಳಿಗ್ಗೆ ಸುಪ್ರಭಾತ ಹಾಕಲು ಸರ್ ಇಟ್ಟಿದ್ದ ಹಳೆಯ ಪೆಟ್ಟಿಗೆ. ಅಂದಿನಿಂದ ಸುಪ್ರಭಾತ ಮುಗಿದ ಮೇಲೆ ನನ್ನ ಪರೀಕ್ಷೆ. ದೀಕ್ಷಾ ಹೇಳಿದ ಹಳೇ ಕಂಪ್ಯೂಟರ್ ಇದೇ.

ಆಮೇಲೆ ಒಂದು ಕಾಲದಲ್ಲಿ ಪ್ರೋಗ್ರಾಮು ಓದುತ್ತ ಓದುತ್ತ ಮಧ್ಯದಲ್ಲೇ ಮುಚ್ಚಿಕೊಳ್ಳತೊಡಗಿತು. ಪುಟ್ಟಸ್ವಾಮಿ ಪೇಪರು ಕೇಳುತ್ತಿದ್ದರೆ, "ಮುಖ್ಯಮಂತ್ರಿಗಳು ಹೇಳಿದರು" ಎನ್ನುವಲ್ಲಿಗೆ ಢಮಾರ್. "ಅದುಕ್ಕೂ ಬುದ್ಧಿ ಬಂದದೆ ಬುಡಿ," ಎನ್ನುತ್ತಿದ್ದ. ಕಾರಣ ಕಂಡುಹಿಡಿಯಲು ನನಗೆ ಶ್ರಾವಣ ಪೂರ್ತಿ ಹಿಡಿಯಿತು. ಸಿ ಭಾಗ ತನ್ನ ಉಗ್ರಾಣದಿಂದ ತೆಗೆದ ಮೆಮೊರಿ ಜಾಗವನ್ನು ಪೈಥಾನು ತನ್ನ ಉಗ್ರಾಣಕ್ಕೆ ತುಂಬಲು ಹೋಗುತ್ತಿತ್ತು. ಎರಡೂ ಬೇರೆ ಬೇರೆ ಕಂಪೈಲರಿನ ಮಕ್ಕಳು. ಇವರ ಲೆಕ್ಕ ಅವರಿಗೆ ಗೊತ್ತಾಗದು. ಸರ್‌ಗೆ ಎಷ್ಟು ವಿವರಿಸಿದರೂ ಅರ್ಥವಾಗಲಿಲ್ಲ. ಕೊನೆಗೆ, "ಮಡಿ ಪಾತ್ರೆಯನ್ನು ಮೈಲಿಗೆ ಪಾತ್ರೆಯ ಜೊತೆ ತೊಳೆದು ಜೋಡಿಸಿದ ಹಾಗೆ ಸರ್," ಎಂದೆ.

"ಅಯ್ಯಯ್ಯೋ! ಮೊದಲೇ ಹೇಳಬಾರದಾ?" ಎಂದರು. ಎಲ್ಲಿಂದ ತೆಗೆದಿದ್ದೋ ಅಲ್ಲಿಗೇ ಹಿಂದಿರುಗಿಸುವ ಹಾಗೆ ತಿದ್ದಿದೆ. ಢಮಾರ್ ನಿಂತಿತು. ಅದಕ್ಕಾಗಿ ನನಗೆ ಬಡ್ತಿಯೇನೂ ಸಿಗಲಿಲ್ಲ. ಕುರ್ಚಿಗೆ ಒಂದು ದಿಂಬು ಸಿಕ್ಕಿತು. ಸೊಂಟಕ್ಕೆ ಬಡ್ತಿಗಿಂತ ಅದೇ ವಾಸಿ.

ಇನ್ನು ಶ್ರೀ ವಿಷಯ. ಒಂದು ವಿಜಯದಶಮಿಗೆ ಟ್ರಸ್ಟಿಗೆ ಹೊಸ ಕಂಪ್ಯೂಟರ್ ಬಂತು. ಸರ್ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಂಡಿ, ಕನ್ನಡದಲ್ಲೇ ಶ್ರೀ ಎಂದು ಒಂದು ಫೋಲ್ಡರ್ ಮಾಡಿ, ನಮ್ಮ ಸಕಲ ಕೆಲಸವನ್ನೂ ಅದರೊಳಗೆ ಹಾಕಿದರು. ಮಾರನೆಯ ದಿನ ಕಂಪೈಲ್ ಮಾಡಿದರೆ ಕಂಪೈಲರು ಒಂದು ಸಾಲು ಪ್ರಶ್ನಾರ್ಥಕ ಚಿಹ್ನೆ ಉಗುಳಿ, ಇಂಥ ಜಾಗವೇ ಇಲ್ಲ ಎಂದಿತು. ಕನ್ನಡ ಅಕ್ಷರವಿರುವ ದಾರಿ ಅದಕ್ಕೆ ಕಾಣುತ್ತಿರಲಿಲ್ಲ.

"ಸರ್, ಫೋಲ್ಡರ್ ಹೆಸರು ಇಂಗ್ಲಿಷಿನಲ್ಲಿ ಇಡಬೇಕು."

"ಶ್ರೀಕಾರ ಇಲ್ಲದೆ ನಮ್ಮನೇಲಿ ಹಾಲಿನವನಿಗೆ ಚೀಟೀನೂ ಬರೆಯಲ್ಲಮ್ಮ. ನೀವೂ ಹಾಗೇ ತಾನೇ?"

ನಾನೂ ಹಾಗೇ. ಸಾಮಾನಿನ ಚೀಟಿಯ ಮೇಲೂ ಶ್ರೀ ಬರೆದೇ ಹುರುಳಿಕಾಳು ಎಂದು ಬರೆಯುವವಳು. ಆದ್ದರಿಂದ ರಾಜಿಯಾಯಿತು. ಅಡುಗೆ ಹೊರಗೆ, ನೈವೇದ್ಯ ಒಳಗೆ. ಕಂಪೈಲನ್ನು ಬೇರೆ ಫೋಲ್ಡರಿನಲ್ಲಿ ಮಾಡಿ, ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ಶ್ರೀ ಒಳಗೆ ಇಟ್ಟು, ಕೈಮುಗಿದು, ಅಲ್ಲಿಂದ ತೆಗೆದು ಕಳಿಸುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ಪ್ರೋಗ್ರಾಮನ್ನು ಅದರೊಳಗೆ ಇಟ್ಟೆವು, ಪೂಜಿಸಿದೆವು, ತೆಗೆದೆವು. ಅದರೊಳಗೇ ಒಮ್ಮೆ ಓಡಿಸಿ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ದೇವರ ಮುಂದೆ ಇಟ್ಟ ಕಡುಬನ್ನು ಅಲ್ಲೇ ರುಚಿ ನೋಡುವವರು ಯಾರು?

ಅಷ್ಟರಲ್ಲಿ ಪುಟ್ಟಸ್ವಾಮಿಗೆ ಒಂದು ಸರ್ಕಾರಿ ಕಚೇರಿಯಿಂದ ಟೈಪಿಸ್ಟ್ ಕೆಲಸಕ್ಕೆ ಕರೆ ಬಂತು. ಲಿಖಿತ ಪರೀಕ್ಷೆ ಗೆದ್ದಿದ್ದ. ಕಂಪ್ಯೂಟರಿನಲ್ಲಿ ಕೊಟ್ಟ ಕನ್ನಡ ಪುಟವನ್ನು ಕೇಳಿಸಿಕೊಂಡು, ತಪ್ಪು ತಿದ್ದಿ, ಟೈಪು ಮಾಡಿ ತೋರಿಸುವುದು ಉಳಿದಿತ್ತು. ಓದುವ ಪ್ರೋಗ್ರಾಮನ್ನು ಅಭ್ಯರ್ಥಿಯೇ ತರಬಹುದು, ಮುಂಚಿತವಾಗಿ ಬಂದು ಹಾಕಿಕೊಳ್ಳಬಹುದು ಎಂದಿದ್ದರು. ಅವನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಪರೀಕ್ಷೆಗೆ ಎರಡು ದಿನ ಇರುವಾಗ ನಾನೂ ಅವನೂ ಹೋದೆವು.

ದಸರಾ ಆಗಷ್ಟೇ ಮುಗಿದಿತ್ತು. ಕಚೇರಿಯ ಕಂಪ್ಯೂಟರಿಗೆ ನಮ್ಮ ಸರ್ ಕೂಡ ನಾಚುವಷ್ಟು ಕುಂಕುಮ. ಕಾಲಿಟ್ಟ ಕೂಡಲೇ ನನಗೆ ತುಂಬ ಸಂತೋಷವಾಯಿತು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

ಸೂಪರಿಂಟೆಂಡೆಂಟರು ಪರದೆಯ ಮೇಲಿನ ಒಂದು ಫೋಲ್ಡರ್ ತೋರಿಸಿದರು. "ಏನೇ ಹಾಕೋದಿದ್ರೂ ಇದರೊಳಗೇ ಹಾಕಿ ಮೇಡಂ. ಬೇರೆ ಕಡೆ ಬಿಡಲ್ಲ ಇದು."

ಫೋಲ್ಡರಿನ ಹೆಸರು, ಅಚ್ಚ ಕನ್ನಡದಲ್ಲಿ: ಶ್ರೀ ಚಾಮುಂಡೇಶ್ವರಿ ಪ್ರಸನ್ನ.

ಹಾಕಿದೆ. ಪುಟ್ಟಸ್ವಾಮಿ ಕೀಲಿ ಒತ್ತಿದ. ಏನೂ ಕೇಳಲಿಲ್ಲ. ಇನ್ನೊಮ್ಮೆ ಒತ್ತಿದ. ನಮಗೆ ಕೆಟ್ಟ ಪ್ರೋಗ್ರಾಮು ಎಂದರೆ ಪರದೆಯ ಮೇಲೆ ಕೆಂಪಕ್ಷರ. ಅವನಿಗೆ ಬರೀ ನಿಶ್ಶಬ್ದ. ಪರದೆಯ ಮೇಲೆ 'ದನಿಯ ಫೈಲು ಸಿಗಲಿಲ್ಲ' ಎಂದು ಬಂದು, ಫೋಲ್ಡರಿನ ಹೆಸರಿರಬೇಕಾದ ಕಡೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಕಂಪೈಲರಿಗಿದ್ದ ಕುರುಡನ್ನು ಅದರ ಕೂಸೂ ಹೊತ್ತುಕೊಂಡು ಬಂದಿತ್ತು.

"ಸರ್, ಈ ಫೋಲ್ಡರ್ ಹೆಸರು ಸ್ವಲ್ಪ ಬದಲಾಯಿಸಬಹುದಾ?"

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ತಾಯಿ ಹೆಸರು ತೆಗೀರಿ ಅಂತೀರಾ? ಹಣೆ ತುಂಬ ಕುಂಕುಮ ಇಟ್ಕೊಂಡು?"

"ತೆಗೀರಿ ಅಂತಲ್ಲ ಸರ್..."

"ನಾನೇ ತೆಗೀತೀನಿ ಅಂದ್ರೂ ಆಗಲ್ಲ ಕಣ್ರೀ. ಕಂಪ್ಯೂಟರ್ ನೋಡ್ಕೊಳ್ಳೋರು ರಜದಲ್ಲಿದಾರೆ. ಪಾಸ್‌ವರ್ಡೂ ಅವರ ಜೊತೇಲೇ ರಜದಲ್ಲಿದೆ."

ಹೊರಗೆ ಬಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಪುಟ್ಟಸ್ವಾಮಿ ಕೋಲು ಮಡಿಚಿ ತೊಡೆಯ ಮೇಲಿಟ್ಟುಕೊಂಡ.

"ಕನ್ನಡ ಓದೋ ಪ್ರೋಗ್ರಾಮು, ಕನ್ನಡದ ಎಸ್ರು ಕಂಡ್ರೆ ಮೂಗಾಗೋಯ್ತದೆ. ಎಂಗೆ ಅಮ್ಮಾರೆ ಇದು?"

"ನಾಡಿದ್ದಕ್ಕೆ ಸರಿ ಮಾಡ್ತೀನಿ ಪುಟ್ಟಸ್ವಾಮಿ."

"ಮಾಡಿ. ಮಾಡ್ದಿದ್ರೂ ನಾ ಏನೂ ಅನ್ನಕ್ಕಿಲ್ಲ. ಊರ್ಗೋಗಿ ಎಮ್ಮೆ ಕಾಯ್ತೀನಿ. ಎಮ್ಮೆ ಕತ್ತಿಗ್ ಗಂಟೆ ಕಟ್ಟಿರ್ತರೆ, ಅದು ಎಲ್ಲದೆ ಅಂತ ಗೊತ್ತಾಯ್ತದೆ. ನಿಮ್ ಪ್ರೋಗ್ರಾಮಿಗಿಂತ ವಾಸಿ."

ನಾನು ನಗಲಿಲ್ಲ. ಅವನೂ ನಗಲಿಲ್ಲ.

ಮಾರನೆಯ ದಿನ ದೀಪ ಹಚ್ಚಿದವಳೇ ಟ್ರಸ್ಟಿಗೆ ಹೋದೆ. ಸಿ ಭಾಗದಲ್ಲಿ ಫೈಲು ತೆರೆಯುವ ಕಡೆ ಹಳೆಯ ಕಾಲದ ವಿಧಾನವಿತ್ತು. ಇಂಗ್ಲಿಷ್ ಅಕ್ಷರದ ದಾರಿ ಮಾತ್ರ ಗೊತ್ತು ಅದಕ್ಕೆ. ಎಲ್ಲ ಲಿಪಿಯ ಹೆಸರನ್ನೂ ಹಿಡಿಸಿಕೊಳ್ಳುವ ಇನ್ನೊಂದು ವಿಧಾನವನ್ನು ವಿಂಡೋಸು ಎಂದೋ ಕೊಟ್ಟಿತ್ತು. ನಾವು ಕೇಳಿರಲಿಲ್ಲ. ಸಾಲು ಬದಲಿಸಿದೆ, ಕಂಪೈಲ್ ಮಾಡಿದೆ. ದೇವರ ಮೂಲೆಯ ಬಡ ಕಂಪ್ಯೂಟರಿನಲ್ಲಿ ಶ್ರೀ ಎಂದು ಹೊಸ ಫೋಲ್ಡರ್ ಮಾಡಿ, ಅದರೊಳಗೆ ಹಾಕಿ ಓಡಿಸಿದೆ. ಸರ್ ಹಿಂದೆ ನಿಂತಿದ್ದರು.

"ಶ್ರೀ," ಎಂದಿತು. ಅಷ್ಟೇ. ಮುಂದಿನ ಪದಕ್ಕೆ ಉಸಿರಿಲ್ಲ.

"ದೇವರ ಹೆಸರಿಟ್ಟಿದ್ದೇ ತಪ್ಪಾಯ್ತೇನಮ್ಮ?" ಸರ್ ದನಿಯಲ್ಲಿ ಗತ್ತಿರಲಿಲ್ಲ.

"ಇಟ್ಟಿದ್ದು ತಪ್ಪಲ್ಲ ಸರ್. ಇಟ್ಟು, ಕೈಮುಗಿದು, ಓಡಿಸದೆ ಎದ್ದು ಹೋಗಿದ್ದು."

ಸಿ ಭಾಗ ಫೈಲು ತೆರೆಯುತ್ತಿದ್ದದ್ದು ಒಂದೇ ಕಡೆಯಲ್ಲ. ದನಿಗೆ ಒಂದು, ಪದಕೋಶಕ್ಕೆ ಇನ್ನೊಂದು. ಎರಡನೆಯದನ್ನು ಹುಡುಕಿ ತಿದ್ದುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಂಪೈಲ್ ಆಗಿ ಬಂದ ಹೊಸ ಮಾಡ್ಯೂಲನ್ನು ವೈರಸ್ ಹಿಡಿಯುವ ಪ್ರೋಗ್ರಾಮು ಕಳ್ಳನೆಂದು ಹಿಡಿದು ಒಳಗೆ ಹಾಕಿತು. ಪುಕ್ಕಟೆ ಕಂಪೈಲರಿನ ಕೂಸೆಂದರೆ ಅದಕ್ಕೆ ಮೊದಲಿಂದಲೂ ಸಂಶಯ. ಜಾಮೀನು ಕೊಟ್ಟು ಬಿಡಿಸಿದೆ. ಸಂಜೆ ಕಾಫಿ ಹೊತ್ತಿಗೆ ಅದು ಶ್ರೀ ಒಳಗೆ ಕೂತು ಇಡೀ ಪುಟ ಓದಿತು. ಆವತ್ತು ಸರ್ ತಾವೇ ಕೂತು, ಪೇಪರಿನ ಶ್ರದ್ಧಾಂಜಲಿ ಪುಟದವರೆಗೂ ಓದಿಸಿ ಪರೀಕ್ಷೆ ಮಾಡಿದರು. ಒಳ್ಳೆಯ ದಿನ ಒಳ್ಳೆಯ ಪುಟ!

ಪರೀಕ್ಷೆಯ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಅಲ್ಲಿಂದ ನೇರ ಕಚೇರಿಗೆ ಬಂದೆ. ಸೂಪರಿಂಟೆಂಡೆಂಟರು ಗಡಿಯಾರ ನೋಡಿಕೊಂಡು, "ಹಾಕೋ ದಿನ ಮುಗೀತಲ್ಲ ಮೇಡಂ," ಎಂದರು. ಬೆಟ್ಟದ ಪ್ರಸಾದ ಮುಂದಿಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಪ್ರಸಾದ ಬಾಯಲ್ಲಿಟ್ಟುಕೊಂಡು 'ಆಗಲ್ಲ' ಎನ್ನುವುದು ಮೈಸೂರಿನಲ್ಲಿ ಯಾರಿಗೂ ಸುಲಭವಲ್ಲ. "ಬೇಗ ಹಾಕಿ," ಎಂದರು.

ಹಳೆಯದನ್ನು ತೆಗೆದೆ, ಹೊಸದನ್ನು ಅದೇ ಫೋಲ್ಡರಿಗೆ ಹಾಕಿದೆ. ಪುಟ್ಟಸ್ವಾಮಿ ಕುರ್ಚಿ ಎಳೆದುಕೊಂಡ. ಬೆರಳು ಕೀಲಿಯ ಮೇಲೆ ಹೋಯಿತು. ಆ ಒಂದು ಗಳಿಗೆ ನಾನು ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ಇವತ್ತಿಗೂ ಪೂರ್ತಿ ನೆನಪಿಲ್ಲ. ತೀರಿಸದೆ ಉಳಿದಿದ್ದರೆ ಅವರೇ ಕ್ಷಮಿಸಬೇಕು.

"ಶ್ರೀ ಚಾಮುಂಡೇಶ್ವರಿ ಪ್ರಸನ್ನ," ಎಂದಿತು ಕಂಪ್ಯೂಟರು, ಗಟ್ಟಿಯಾಗಿ.

ಸೂಪರಿಂಟೆಂಡೆಂಟರು ತಮಗರಿವಿಲ್ಲದೆ ಗಲ್ಲ ಬಡಿದುಕೊಂಡರು.

"ತಾಯಿ ಎಸ್ರು ಬಾಯಿಗ್ ಬಂತು ಬುಡಿ," ಎಂದ ಪುಟ್ಟಸ್ವಾಮಿ. "ಇನ್ ನೀವ್ ಒಂಟೋಗಿ ಅಮ್ಮಾರೆ. ಉಳುದ್ದ ನಾ ನೋಡ್ಕತೀನಿ."

ನೋಡಿಕೊಂಡ. ಈಗ ಅದೇ ಕಚೇರಿಯಲ್ಲಿ, ಅದೇ ಮೇಜಿನಲ್ಲಿದ್ದಾನೆ. ಕೆಲಸ ಸಿಕ್ಕ ಮೇಲೆ ನಮ್ಮ ಪ್ರೋಗ್ರಾಮಿಗೆ ಎರಡು ಒಳ್ಳೆಯ ಮಾತು ಆಡಿಯಾನು ಎಂದುಕೊಂಡಿದ್ದೆ. "ನಿಮ್ದು ಬಾಳ ನಿಧಾನಕ್ ಓದ್ತದೆ, ನಂಗೆ ಫೈಲು ರಾಶಿ ಬಿದ್ದವೆ," ಎಂದು ಮೊದಲನೆಯ ವಾರವೇ ಬೈದ.

ದೀಕ್ಷಾ, ಈಗ ಕಾಲ ಬದಲಾಗಿದೆ, ಒಪ್ಪುತ್ತೇನೆ. ಅಂದಿನ ದುಡ್ಡಿನ ಕಂಪೈಲರು ನಮ್ಮಂಥವರಿಗೆ ಈಗ ಪುಕ್ಕಟೆಯಂತೆ. ಎಲ್ಲೋ ದೂರದ ಕಂಪ್ಯೂಟರಿನಲ್ಲಿ ತಾನೇ ಕಂಪೈಲ್ ಆಗಿ, ತಾನೇ ಪರೀಕ್ಷೆಯಾಗಿ, ಪಕ್ಕದಲ್ಲಿ ಹಸಿರು ಗುರುತು ಬಿದ್ದು ಬರುತ್ತದಂತೆ. ಅಂತೂ ನಿನ್ನ ಪಾಲಿಗೆ ಆ ಬಟನ್ನು ಸಿಕ್ಕಿತು, ಸಂತೋಷ. ಆದರೆ ಆ ದೂರದ ಕಂಪ್ಯೂಟರಿನಲ್ಲಿ ಯಾರೂ ಕುಂಕುಮ ಇಟ್ಟಿರುವುದಿಲ್ಲ, ಶ್ರೀ ಎಂದು ಫೋಲ್ಡರ್ ಮಾಡಿರುವುದಿಲ್ಲ. ನಮ್ಮ ಜನರ ಕಂಪ್ಯೂಟರಿನಲ್ಲಿ ಎರಡೂ ಇರುತ್ತವೆ. ಅದಕ್ಕೇ ಆ ಖಾಲಿ ಫೋಲ್ಡರ್. ಪ್ರತಿ ಹೊಸದನ್ನೂ ಮೊದಲು ಅದರೊಳಗೆ ಇಟ್ಟು, ಮಾತಾಡಿಸಿ, ಆಮೇಲೆ ತೆಗೆದು ಖಾಲಿ ಮಾಡುತ್ತಿದ್ದೆ. ಕೈಮುಗಿಯುವುದು ಬಿಡುವುದು ನಿನಗೆ ಬಿಟ್ಟದ್ದು.

ನನ್ನ ಮಾತು ಬೇಡವಾದರೂ ಪರವಾಗಿಲ್ಲ. ಹೊಸದು ಕಳಿಸಿದ ಮಾರನೆಯ ದಿನ ನಿನಗೊಂದು ಫೋನು ಬರುತ್ತದೆ. ನಮಸ್ಕಾರವನ್ನೂ ಹೇಳದೆ ಪುಟ್ಟಸ್ವಾಮಿ ಮೊದಲು ಕೇಳುವುದು ಒಂದೇ ಮಾತು: "ಶ್ರೀ ಒಳಗ್ ಇಟ್ ನೋಡುದ್ರಾ?"

ಹೂಂ ಎನ್ನುವ ಹಾಗಿದ್ದರೆ ಮಾತ್ರ ಆ ಫೋನು ಎತ್ತಿಕೋ.